ಸೊಂಟದ ಕೃತಕ ಕೀಲು: ನೋವಿಲ್ಲದಿದ್ದರೂ ಮೂಳೆ ಕರಗುತ್ತದೆಯೇ?

ಪ್ರಶ್ನೆ: ನಮ್ಮ ತಾಯಿಯವರಿಗೆ ಸೊಂಟದ ಕೀಲು ಬದಲಿಸಿ 20 ವರ್ಷಗಳಾದವು. ಆರಾಮವಾಗಿ ಓಡಾಡಿಕೊಂಡಿದ್ದಾರೆ. ಈಚೆಗೆ ಎಕ್ಸ್‌ರೇ ನೋಡಿದ ವೈದ್ಯರು, ಕೀಲಿನ ಸುತ್ತ ಮೂಳೆ ಕರಗಿದೆ, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದಿದ್ದಾರೆ. ನೋವೇ ಇಲ್ಲದಿರುವಾಗ ಇದು ಅಗತ್ಯವೇ?

ಉತ್ತರ: ನೋವಿಲ್ಲ ಎಂಬ ಒಂದೇ ಕಾರಣಕ್ಕೆ ವೈದ್ಯರ ಮಾತನ್ನು ದಯವಿಟ್ಟು ತಳ್ಳಿಹಾಕಬೇಡಿ. ಮೂಳೆ ಸಾಕಷ್ಟು ಕರಗಿ ಕೀಲು ಸಡಿಲಗೊಂಡಾಗ, ಇಲ್ಲವೇ ತೆಳುವಾದ ಮೂಳೆ ಮುರಿದಾಗಲೇ ಅನೇಕರಿಗೆ ಮೊದಲ ಸಲ ನೋವು ಕಾಣಿಸಿಕೊಳ್ಳುತ್ತದೆ.

ಕೃತಕ ಕೀಲಿನಲ್ಲಿ ಲೋಹದ ಅಥವಾ ಸೆರಾಮಿಕ್ ಚೆಂಡು ಸಾಮಾನ್ಯವಾಗಿ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಬಟ್ಟಲಿನೊಳಗೆ ತಿರುಗುತ್ತದೆ. ನಡೆದಂತೆಲ್ಲ ಆ ಪ್ಲಾಸ್ಟಿಕ್ ಸವೆದು, ಬಹುಪಾಲು ಒಂದು ಮೈಕ್ರಾನಿಗಿಂತಲೂ (ಮಿಲಿಮೀಟರಿನ ಸಾವಿರದ ಒಂದು ಭಾಗ) ಚಿಕ್ಕದಾದ ಕಣಗಳು ಉದುರುತ್ತವೆ. ದೇಹದ ಕಾವಲಿಗಿರುವ ಮ್ಯಾಕ್ರೋಫೇಜ್ ಕೋಶಗಳು ಅವನ್ನು ನುಂಗುತ್ತವೆ. ಆದರೆ ಅರಗಿಸಿಕೊಳ್ಳಲಾರದೆ ಉರಿಯೂತದ ರಾಸಾಯನಿಕಗಳನ್ನು ಹೊರಬಿಡುತ್ತವೆ. ಅವುಗಳಿಂದ ಪ್ರಚೋದನೆಗೊಂಡ ಆಸ್ಟಿಯೋಕ್ಲಾಸ್ಟ್ ಕೋಶಗಳು ಕೀಲನ್ನು ಹಿಡಿದಿಟ್ಟಿರುವ ಮೂಳೆಯನ್ನೇ ಕರಗಿಸತೊಡಗುತ್ತವೆ. ಇದನ್ನು ಆಸ್ಟಿಯೋಲೈಸಿಸ್ ಎನ್ನುತ್ತಾರೆ. ಮುಪ್ಪಿನಲ್ಲಿ ಬರುವ ಮೂಳೆ ಸವೆತವೇ ಬೇರೆ, ಇದೇ ಬೇರೆ. ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಇದು ನಿಲ್ಲುವುದಿಲ್ಲ.

ಈ ಕಣಗಳ ಉಪಟಳ ಆಧುನಿಕ ಕೀಲಿನಷ್ಟೇ ಹಳೆಯದು. ಇಂಗ್ಲೆಂಡಿನ ಮೂಳೆ ಶಸ್ತ್ರಚಿಕಿತ್ಸಕ ಜಾನ್ ಚಾರ್ನ್ಲೆ 1950ರ ದಶಕದ ಕೊನೆಯಲ್ಲಿ ಟೆಫ್ಲಾನ್ ಬಟ್ಟಲುಗಳನ್ನು ಬಳಸಿದಾಗ ಅವು ಕೆಲವೇ ವರ್ಷಗಳಲ್ಲಿ ಸವೆದು, ಸುತ್ತಲೂ ಗಂಟುಗಂಟಾದ ಅಂಗಾಂಶ ಬೆಳೆಯಿತು. ಅವರು ಟೆಫ್ಲಾನನ್ನೂ ಪಾಲಿಎಥಿಲೀನನ್ನೂ ತಮ್ಮ ತೊಡೆಯೊಳಕ್ಕೇ ಸೇರಿಸಿಕೊಂಡು ಪರೀಕ್ಷಿಸಿದರು. 1962ರಲ್ಲಿ ಪಾಲಿಎಥಿಲೀನ್ ಬಟ್ಟಲನ್ನು ರೋಗಿಗಳಿಗೆ ಅಳವಡಿಸತೊಡಗಿದರು. ಮುಂದೆ ಮೂಳೆ ಕರಗಿದ್ದು ಕಂಡಾಗ ದೋಷವನ್ನು ಬಹುಕಾಲ, ಕೀಲನ್ನು ಮೂಳೆಯಲ್ಲಿ ಭದ್ರವಾಗಿ ಕೂರಿಸಲು ಬಳಸುವ ಸಿಮೆಂಟಿನ ಮೇಲೆ ಹೊರಿಸಲಾಯಿತು. ಸಿಮೆಂಟಿಲ್ಲದ ಕೀಲುಗಳ ಸುತ್ತಲೂ ಹೀಗೆಯೇ ಆದಾಗ ಸವೆತದ ಕಣಗಳತ್ತ ಗಮನ ಹರಿಯಿತು. 1990ರ ದಶಕದ ಕೊನೆಯಲ್ಲಿ ಬಂದ ಕ್ರಾಸ್‌ಲಿಂಕ್ಡ್ (ಅಣುಗಳ ಸರಪಳಿಗಳನ್ನು ಒಂದಕ್ಕೊಂದು ಬೆಸೆದ) ಪಾಲಿಎಥಿಲೀನ್ ಬಹಳ ಕಡಿಮೆ ಸವೆಯುತ್ತದೆ. ಆದ್ದರಿಂದ ನಿಮ್ಮ ತಾಯಿಯವರಿಗೆ ಹಾಕಿರುವುದು ಯಾವ ಬಗೆಯದು ಎಂಬುದು ಮುಖ್ಯ.

ಎಕ್ಸ್‌ರೇಯನ್ನು ವೈದ್ಯರೊಂದಿಗೆ ಕುಳಿತು ನೋಡಿ. ಚೆಂಡು ಬಟ್ಟಲಿನ ನಟ್ಟನಡುವೆ ಇರದೆ ಮೇಲಕ್ಕೆ ಸರಿದಿದ್ದರೆ, ಅಲ್ಲಿ ಪ್ಲಾಸ್ಟಿಕ್ ತೆಳುವಾಗಿದೆ ಎಂದರ್ಥ. ವರ್ಷಕ್ಕೆ 0.1 ಮಿ.ಮೀ.ಗಿಂತ ಕಡಿಮೆ ಸವೆಯುವ ಕೀಲುಗಳಲ್ಲಿ ಮೂಳೆ ಕರಗುವುದು ವಿರಳ. ಬಟ್ಟಲಿನ ಹಿಂದೆ, ಅದನ್ನು ಮೂಳೆಗೆ ಬಿಗಿದಿರುವ ಸ್ಕ್ರೂಗಳ ಬಳಿ ಕಾಣುವ ಕಪ್ಪು ಕುಳಿಗಳು ಮೂಳೆ ಕರಗಿದ ಜಾಗಗಳಾಗಿರಬಹುದು. ಅವು ಎಕ್ಸ್‌ರೇಯಲ್ಲಿ ತೋರುವುದಕ್ಕಿಂತ ದೊಡ್ಡದಾಗಿರುವುದುಂಟು, ಹಾಗಾಗಿ ಸಿ.ಟಿ. ಸ್ಕ್ಯಾನ್ ಹೇಳಿದರೆ ಮಾಡಿಸಿ. ಸೋಂಕಿಲ್ಲವೆಂದು ತಿಳಿಯಲು ರಕ್ತಪರೀಕ್ಷೆಯನ್ನೂ ಮಾಡಿಸಬಹುದು.

ಕುಳಿ ಚಿಕ್ಕದಾಗಿದ್ದು ಹಿಗ್ಗದಿದ್ದರೆ ನಿಗದಿತವಾಗಿ ಎಕ್ಸ್‌ರೇ ತೆಗೆಸುತ್ತ ಕಾಯಬಹುದು. ಹಿಗ್ಗುತ್ತಿದ್ದು ಲೋಹದ ಭಾಗಗಳು ಇನ್ನೂ ಗಟ್ಟಿಯಾಗಿದ್ದರೆ, ಸವೆದ ಪ್ಲಾಸ್ಟಿಕ್ ಲೈನರ್ (ಲೋಹದ ಹೊರಬಟ್ಟಲಿನೊಳಗೆ ಕೂರುವ ಒಳಬಟ್ಟಲು) ಮತ್ತು ಚೆಂಡನ್ನು ಮಾತ್ರ ಬದಲಿಸಿ ಕುಳಿಗೆ ಮೂಳೆ ತುಂಬಲು ಸಾಧ್ಯ. ಸಡಿಲಗೊಳ್ಳುವವರೆಗೂ ಬಿಟ್ಟರೆ ಇಡೀ ಕೀಲನ್ನೇ ಬದಲಿಸಬೇಕಾಗಬಹುದು; ಆಗ ಹೊಸ ಕೀಲನ್ನು ಕೂರಿಸಲು ಸಾಕಷ್ಟು ಮೂಳೆಯೂ ಉಳಿದಿರದೆ ಹೋಗಬಹುದು. ಆದ್ದರಿಂದಲೇ ನೋವು ಬರುವ ಮುನ್ನ ನಿರ್ಧರಿಸುವುದು ಒಳ್ಳೆಯದು ಎನ್ನುತ್ತೇನೆ.

ಹೋಗುವಾಗ ಹಳೆಯ ಎಕ್ಸ್‌ರೇಗಳನ್ನೂ ಮೊದಲ ಶಸ್ತ್ರಚಿಕಿತ್ಸೆಯ ದಾಖಲೆಗಳನ್ನೂ ಒಯ್ಯಿರಿ. ಅವುಗಳಲ್ಲಿ ಕೀಲಿನ ಕಂಪನಿ, ಮಾದರಿ, ಅಳತೆಗಳಿರುವ ಚೀಟಿ ಅಂಟಿಸಿರಬಹುದು. ಅದು ಸಿಗದಿದ್ದರೆ ಆ ಲೋಹದ ಬಟ್ಟಲಿಗೆ ಹೊಂದುವ ಲೈನರ್ ಹುಡುಕುವುದೇ ಕಷ್ಟವಾಗುತ್ತದೆ.