ಅರವತ್ತು ರೂಮು, ಎಂಟು ಲೈನು

ಮೈಸೂರಿನ ಒಂದು ಲಾಡ್ಜ್, ದಸರಾ ವಾರ. ರಿಸೆಪ್ಷನ್ ಹುಡುಗಿ ಹೊರಗೆ ಫೋನ್ ಮಾಡಲು ರಿಸೀವರ್ ಎತ್ತಿ ಸೊನ್ನೆ ಒತ್ತಿದಳು. ಡಯಲ್ ಟೋನ್ ಬರಲಿಲ್ಲ. ಯಾರೋ ಗಂಡಸಿನ ದನಿ ಕೇಳಿಸಿತು: "ಹಲೋ, ರೂಮ್ ಸಿಗುತ್ತಾ ಮೇಡಂ?" ಫೋನ್ ರಿಂಗೇ ಆಗಿರಲಿಲ್ಲ! "ಲೈನ್ ಕ್ರಾಸ್ ಆಗಿದೆ, ನಾಲ್ಕು ಲೈನ್ ಬರೋದಕ್ಕೆ, ನಾಲ್ಕು ಹೋಗೋದಕ್ಕೆ ಅಂತ ಬೇರೆ ಮಾಡಿಸಿಬಿಡೋಣ" ಅಂದರು ಮ್ಯಾನೇಜರ್. ದಯವಿಟ್ಟು ಬೇಡ ಸಾರ್ ಅಂದೆ.

ಇಂಥ ಲೈನಿಗೆ ಟ್ರಂಕ್ ಅನ್ನುತ್ತಾರೆ. ಟ್ರಂಕ್ ಅಂದರೆ ಹಿರಿಯರಿಗೆ ದೂರದ ಊರಿನ ಟ್ರಂಕ್ ಕಾಲ್ ನೆನಪಾಗುತ್ತದೆ. ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು. 1960ರಲ್ಲಿ ಕಾನ್ಪುರ–ಲಖನೌ ನಡುವೆ ಎಸ್‌ಟಿಡಿ, ಅಂದರೆ ಆಪರೇಟರ್ ಇಲ್ಲದೆ ದೂರದ ಊರಿಗೆ ನೇರ ಡಯಲ್ ಮಾಡುವ ಸೌಲಭ್ಯ, ಬಂತು, ಆಮೇಲೆ ನಿಧಾನವಾಗಿ ಆ ಕಾಯುವುದೂ ತಪ್ಪಿತು. ಎರಡು ಎಕ್ಸ್‌ಚೇಂಜ್‌ಗಳ ನಡುವಿನ ಲೈನೇ ಟ್ರಂಕ್. ಲಾಡ್ಜಿನ ಇಪಿಎಬಿಎಕ್ಸ್, ಅಂದರೆ ರೂಮಿನ ಫೋನುಗಳನ್ನೆಲ್ಲ ಜೋಡಿಸುವ ಪೆಟ್ಟಿಗೆ, ಕೂಡ ಒಂದು ಪುಟ್ಟ ಎಕ್ಸ್‌ಚೇಂಜ್. ಹಾಗಾಗಿ ಅದರಿಂದ ಹೊರಗೆ ಹೋಗುವ ಲೈನುಗಳೂ ಟ್ರಂಕ್‌ಗಳೇ.

ಅರವತ್ತು ರೂಮಿಗೆ ಎಂಟು ಲೈನ್ ಸಾಕಾ? ಈ ಲೆಕ್ಕ ನನಗೆ ತುಂಬಾ ಇಷ್ಟ. ಇದನ್ನು ಹಾಕಿಕೊಟ್ಟವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್. ಅವರ ಮೊದಲ ಲೇಖನ 1909ರದು, ಹೆಸರಾದ ಸೂತ್ರ 1917ರದು. ಒಂದು ಲೈನ್ ಗಂಟೆಪೂರ್ತಿ ಬಿಡುವಿಲ್ಲದೆ ನಡೆದರೆ ಅದು ಒಂದು ಎರ್ಲಾಂಗ್. ಗಲಾಟೆಯ ಗಂಟೆಯಲ್ಲಿ ರೂಮಿಗೆ ಮೂರು ನಿಮಿಷದ ಮಾತು ಅಂತಿಟ್ಟುಕೊಳ್ಳಿ. ಒಟ್ಟು 180 ನಿಮಿಷ, ಅಂದರೆ ಮೂರು ಎರ್ಲಾಂಗ್. ಎಂಟು ಲೈನಿದ್ದರೆ ಎಂಗೇಜ್ ಸಿಗುವುದು ನೂರು ಕಾಲ್‌ನಲ್ಲಿ ಒಂದಕ್ಕೂ ಕಡಿಮೆ. ಅದೇ ಎಂಟನ್ನು ನಾಲ್ಕು–ನಾಲ್ಕು ಮಾಡಿ, ಮಾತನ್ನೂ ಸಮವಾಗಿ ಹಂಚಿದರೆ? ನೂರರಲ್ಲಿ ಸುಮಾರು ಐದು ಎಂಗೇಜ್!

ಲೈನ್ ಕಡಿಮೆಯಾಗಿಲ್ಲ, ಮಾತು ಹೆಚ್ಚಿಲ್ಲ, ಆದರೂ ತೊಂದರೆ ಐದು ಪಟ್ಟಿಗೂ ಜಾಸ್ತಿ. ಹೋಟೆಲಿನಲ್ಲಿ ನೋಡಿರುತ್ತೀರಿ, ಫ್ಯಾಮಿಲಿ ರೂಮಿನಲ್ಲಿ ಟೇಬಲ್ ಖಾಲಿ ಇರುತ್ತದೆ, ಹೊರಗೆ ಜನ ತಟ್ಟೆ ಹಿಡಿದು ನಿಂತಿರುತ್ತಾರೆ. ನಮ್ಮ ಮಂಡ್ಯ ಕಡೆ ನಾಲೆ ನೀರಿನ ಕಥೆಯೂ ಅದೇ. ಒಂದು ತೂಬಿನ ಗದ್ದೆಗೆ ಇವತ್ತು ನೀರು ಬೇಡ, ಇನ್ನೊಂದು ತೂಬಿನ ಗದ್ದೆ ಒಣಗುತ್ತಿದೆ. ನಡುವೆ ಗೋಡೆ ಕಟ್ಟಿದರೆ ಬಿಡುವಿದ್ದವರದು ಬೇಕಾದವರಿಗೆ ಸಿಗುವುದಿಲ್ಲ, ಅಲ್ವಾ?

ಆದರೆ ಬರೋದಕ್ಕೂ ಹೋಗೋದಕ್ಕೂ ಒಂದೇ ಲೈನ್ ಅಂದರೆ ಎದುರುಬದುರಾಗುವ ಭಯ ಇದ್ದೇ ಇದೆ. ಮೈಸೂರು ದಾರಿಯಲ್ಲಿ ಒಂದೇ ಹಳಿ ಇದ್ದ ಕಾಲದಲ್ಲಿ ಕ್ರಾಸಿಂಗ್‌ಗಾಗಿ ಗಾಡಿ ನಿಂತೇ ಇರುತ್ತಿತ್ತು. ಹಳಿಗೆ ಸಿಗ್ನಲ್ ಇತ್ತು. ಸಾಮಾನ್ಯ ಫೋನ್ ಲೈನಿನಲ್ಲಿ, ಅಂದರೆ ಲೂಪ್ ಸ್ಟಾರ್ಟ್ ಟ್ರಂಕ್‌ನಲ್ಲಿ, ಕಾಲ್ ಬರುತ್ತಿದೆ ಅನ್ನೋಕೆ ಗಂಟೆಯೊಂದೇ ಗುರುತು. ನಮ್ಮ ದೇಶದ ರಿಂಗ್ ಟ್ರಿಂಗ್‌–ಟ್ರಿಂಗ್ ಅಂದು ಎರಡು ಸೆಕೆಂಡ್ ಸುಮ್ಮನಿರುತ್ತದೆ. ಮೊದಲ ಗಂಟೆ ತಲುಪುವ ಮುಂಚೆ, ಇಲ್ಲವೇ ಆ ಮೌನದಲ್ಲಿ, ಇಪಿಎಬಿಎಕ್ಸ್ ಲೈನ್ ಹಿಡಿದರೆ ಅದು ಕಾಲ್ ಎತ್ತಿದಂತೆಯೇ. ಆ ಹುಡುಗಿಗೆ ಆದದ್ದು ಇಷ್ಟೇ. ಇದಕ್ಕೆ ಗ್ಲೇರ್ ಅನ್ನುತ್ತಾರೆ. ಅಮೆರಿಕದಲ್ಲಿ ಗ್ರೌಂಡ್ ಸ್ಟಾರ್ಟ್ ಟ್ರಂಕ್ ಬಂದದ್ದು ಈ ತೊಂದರೆಗೇ. ಅದರಲ್ಲಿ ಎಕ್ಸ್‌ಚೇಂಜ್ ಲೈನ್ ಹಿಡಿದ ಕೂಡಲೇ ಒಂದು ತಂತಿಯನ್ನು ಅರ್ತ್ ಮಾಡುತ್ತದೆ. ಗಂಟೆ ಬಾರಿಸುವ ಮುಂಚೆಯೇ ಸುದ್ದಿ ಮುಟ್ಟುತ್ತದೆ.

ಪಿಆರ್‌ಐ ಅನ್ನುವ ಡಿಜಿಟಲ್ ಲೈನಿನಲ್ಲಿ ಇನ್ನೂ ಚೊಕ್ಕ. ಒಂದೇ ಕೇಬಲ್ಲಿನಲ್ಲಿ ಸೆಕೆಂಡಿಗೆ 64 ಕಿಲೋಬಿಟ್‌ನ 32 ಪಾಲು. ಮೂವತ್ತು ಮಾತಿಗೆ, ಒಂದು ಎರಡೂ ತುದಿಯ ತಾಳ ಹಿಡಿಯೋದಕ್ಕೆ, ಇನ್ನೊಂದು ಕಾಲ್ ಬರುವ ಸುದ್ದಿ ಹೇಳೋದಕ್ಕೇ ಮೀಸಲು. ಯಾವ ಎಕ್ಸ್‌ಟೆನ್ಶನ್ ಬೇಕು ಅನ್ನೋದೂ ಅದರಲ್ಲೇ ಬರುತ್ತದೆ. ಹಾಗಾಗಿ ನೂರು ನೇರ ನಂಬರುಗಳು ಮೂವತ್ತು ಚಾನೆಲ್ಲಿನ ಮೇಲೆ ಆರಾಮಾಗಿ ನಡೆಯುತ್ತವೆ. ಈಗ ಇಂಟರ್ನೆಟ್ಟಿನ ಮೇಲೆ ಓಡುವ ಸಿಪ್ ಟ್ರಂಕ್ ಬಂದಿದೆ. ಅದರಲ್ಲೂ ಎಷ್ಟು ಚಾನೆಲ್ ಬೇಕು ಅಂತ ಎರ್ಲಾಂಗ್ ಲೆಕ್ಕವನ್ನೇ ಹಾಕಬೇಕು.

ಲಾಡ್ಜಿನಲ್ಲಿ ಹೊಸ ಲೈನ್ ಏನೂ ಹಾಕಿಸಲಿಲ್ಲ. ಹೊರಗಿನ ಎಕ್ಸ್‌ಚೇಂಜ್ ಒಂದನೇ ಲೈನಿನಿಂದ ಖಾಲಿ ಹುಡುಕುತ್ತಾ ಬರುತ್ತಿತ್ತು, ಇಪಿಎಬಿಎಕ್ಸ್ ಕೂಡ ಒಂದರಿಂದಲೇ. ಟೆಕ್ನಿಷಿಯನ್ ಬಂದು ಹೊರಹೋಗುವ ಕಾಲ್‌ಗಳಿಗೆ ಇಪಿಎಬಿಎಕ್ಸ್ ಎಂಟರಿಂದ ಹಿಂದಕ್ಕೆ ಖಾಲಿ ಲೈನ್ ಹುಡುಕುವಂತೆ ಸೆಟ್ಟಿಂಗ್ ಬದಲಿಸಿದ. ಈಗ ಏಳು ಲೈನ್ ತುಂಬಿ ಒಂದೇ ಉಳಿದಾಗ ಮಾತ್ರ ಅವೆರಡೂ ಒಂದೇ ಲೈನಿಗೆ ಕೈ ಹಾಕಬೇಕು.