ಕೋಲಿನ ಮೇಲಿನ ಎಂಟು: ಫ್ಲೈ ಫಿಶಿಂಗ್‌ನಲ್ಲಿ ‘ಲೈನ್ ವೇಟ್’ ಅಂದ್ರೆ ಏನು?

ನಮ್ಮ ಬಿಲ್ಡಿಂಗಿನಲ್ಲಿ ಗದಗ ಕಡೆಯ ಹುಡುಗನೊಬ್ಬ ಇದ್ದಾನೆ. ಇಲ್ಲಿ ಗೋವಾದಲ್ಲಿ, ವೆರ್ಣಾದ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಭಾನುವಾರ ನಾನು ಗಾಳದ ಸಾಮಾನು ಹೆಗಲಿಗೆ ಹಾಕಿಕೊಂಡು ಹೊರಟರೆ ಅವನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬರುತ್ತಾನೆ. ಹೋದ ತಿಂಗಳು ಮೊಬೈಲ್ ತೋರಿಸಿ ಕೇಳಿದ: “ಅಣ್ಣಾ, ಇಲ್ಲಿ ಎಂಟು ವೇಟ್ ರಾಡ್ ಅಂತ ಬರದಾರ. ಅಂದ್ರ ಎಂಟು ಕೆಜಿ ಮೀನು ತಡೀತೈತೇನ್ರಿ?”

ನಗು ಬಂತು, ಆದರೆ ನಗಲಿಲ್ಲ. ಆರು ವರ್ಷದ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಗೆಳೆಯನೊಬ್ಬ ಅದು ಕೋಲಿನ ತೂಕ ಅಂತ ಪಟ್ಟು ಹಿಡಿದಿದ್ದ. ಇಬ್ಬರದೂ ತಪ್ಪು. ಆ ಎಂಟು ಮೀನಿನದೂ ಅಲ್ಲ, ಕೋಲಿನದೂ ಅಲ್ಲ. ದಾರದ್ದು.

ಕೋಲಿನ ಮೇಲೆ ದಾರದ ನಂಬರ್ ಯಾಕೆ ಬರೀತಾರೆ? ಅಂಕೋಲಾದಲ್ಲಿ ನಮ್ಮ ಅಪ್ಪ ಹೊಳೆಗೆ ಗಾಳ ಹಾಕುತ್ತಿದ್ದದ್ದು ಬಿದಿರು ಕೋಲಿನಿಂದ. ತಂಗೂಸಿ ದಾರ (ನೈಲಾನಿನದು), ತುದಿಗೆ ಸೀಸದ ಗುಂಡು, ಗಾಳಕ್ಕೆ ಸಿಗಡಿ. ಬೀಸಿದರೆ ಸೀಸದ ಗುಂಡು ಮುಂದೆ ಹಾರುತ್ತದೆ, ಹಗುರವಾದ ದಾರ ಅದರ ಬಾಲದ ಹಾಗೆ ಹಿಂದೆ ಹೋಗುತ್ತದೆ. ಈಗಿನ ಸ್ಪಿನ್ನಿಂಗ್ ರೀಲಿನಲ್ಲೂ ಅಷ್ಟೇ. ತೂಕ ಇರುವುದು ತುದಿಯಲ್ಲಿ.

ಫ್ಲೈ ಫಿಶಿಂಗ್‌ನಲ್ಲಿ ತುದಿಗೆ ತೂಕ ಅನ್ನುವುದೇ ಇಲ್ಲ ಅನ್ನಬಹುದು. ಫ್ಲೈ ಅಂದರೆ ನೊಣ. ಗಾಳಕ್ಕೆ ಒಂದಿಷ್ಟು ಗರಿ, ಕೂದಲು, ನೂಲು ಸುತ್ತಿ ಹುಳದ ಹಾಗೋ ಮರಿಮೀನಿನ ಹಾಗೋ ಕಾಣುವಂತೆ ಮಾಡಿದ ಹುಸಿ ಎರೆ ಅದು. (ಇಲ್ಲಿಯ ಕೊಂಕಣಿಯಲ್ಲಿ ಗಾಳಕ್ಕೇ ‘ಗರಿ’ ಅನ್ನುತ್ತಾರೆ. ಗರಿಗೆ ಗರಿ ಕಟ್ಟುವುದು ಅಂದರೆ ಕನ್ನಡ ಕೊಂಕಣಿ ಎರಡೂ ಬಲ್ಲ ನಮ್ಮಂಥವರಿಗೆ ಮಜಾ.) ಕೋಳಿ ಪುಕ್ಕವನ್ನು ಕೈಯಲ್ಲಿ ಹಿಡಿದು ಎಸೆದು ನೋಡಿ. ಎಷ್ಟು ಜೋರಾಗಿ ಎಸೆದರೂ ನಿಮ್ಮ ಕಾಲಬುಡದಲ್ಲೇ ಬೀಳುತ್ತದೆ. ಅದನ್ನು ಅರವತ್ತಡಿ ದೂರ ಕಳಿಸಬೇಕಾದರೆ ಹೊತ್ತುಕೊಂಡು ಹೋಗಲು ಯಾರಾದರೂ ಬೇಕು. ಹೊರುವ ಕೆಲಸ ದಾರದ್ದು. ಅದಕ್ಕೇ ಫ್ಲೈ ಲೈನ್ ತಂಗೂಸಿಯಂತೆ ಸಣ್ಣಗಿರುವುದಿಲ್ಲ. ಒಳಗೆ ಹೆಣೆದ ನೂಲು, ಮೇಲೆ ಪ್ಲಾಸ್ಟಿಕ್ ಲೇಪ, ನೋಡಲು ಮೊಬೈಲ್ ಚಾರ್ಜರಿನ ಸಣ್ಣ ವೈರಿನ ಹಾಗೆ. ಬಾರುಕೋಲು ಬೀಸಿದಂತೆ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಬೀಸಿದರೆ ಆ ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತಾ ಹೋಗಿ, ಕೊನೆಗೆ ಗರಿಯನ್ನು ನೀರಿನ ಮೇಲೆ ಇಳಿಸುತ್ತದೆ.

ಕೋಲು ಇಲ್ಲಿ ಬಿಲ್ಲು. ದಾರದ ಭಾರಕ್ಕೆ ಬಾಗಬೇಕು, ಬಾಗಿದ್ದು ನೆಟ್ಟಗಾಗುವಾಗ ದಾರವನ್ನು ದೂಡಬೇಕು. ದಾರ ತೀರಾ ಹಗುರವಾದರೆ ಕೋಲು ಬಾಗುವುದೇ ಇಲ್ಲ, ಒಣ ಬಡಿಗೆ ಬೀಸಿದ ಹಾಗೆ. ತೀರಾ ಭಾರವಾದರೆ ಕೋಲು ಕುಸಿದು ದಾರ ನಿಮ್ಮ ತಲೆ ಮೇಲೇ ಬೀಳುತ್ತದೆ. ಹಾಗಾಗಿ ಈ ಕೋಲು ಯಾವ ತೂಕದ ದಾರಕ್ಕೆ ಸರಿಯಾಗಿ ಬಾಗುತ್ತದೆ ಅಂತ ಕೋಲಿನ ಮೇಲೆ ಬರೆದಿರುತ್ತಾರೆ. ಎಂಟು ವೇಟ್ ರಾಡ್ ಅಂದರೆ ‘ನನಗೆ ಎಂಟನೇ ನಂಬರಿನ ದಾರ ಕೊಡಿ’ ಅಂತ ಕೋಲು ಕೇಳುತ್ತಿದೆ, ಅಷ್ಟೇ.

ಸರಿ, ಎಂಟನೇ ನಂಬರ್ ಅಂದರೆ ಎಷ್ಟು ತೂಕ? ನನಗೆ ಇದರಲ್ಲಿ ಜಾಸ್ತಿ ಖುಷಿ ಕೊಟ್ಟದ್ದು ಈ ಲೆಕ್ಕ.

ಫ್ಲೈ ಲೈನಿನ ಮುಂದಿನ 30 ಅಡಿಯನ್ನು ತೂಗಿ ನಂಬರ್ ಕೊಡುತ್ತಾರೆ. ತೂಗುವುದು ಗ್ರಾಮಿನಲ್ಲಲ್ಲ, ಗ್ರೇನ್ ಎಂಬ ಹಳೇ ಅಳತೆಯಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. ಐದನೇ ನಂಬರಿನ ದಾರ 140 ಗ್ರೇನ್, ಏಳನೆಯದು 185, ಎಂಟನೆಯದು 210, ಹತ್ತನೆಯದು 280, ಹನ್ನೆರಡನೆಯದು 380. ಬಾಯಿಪಾಠ ಮಾಡುವುದು ಕಷ್ಟ ಅಲ್ವಾ? ನನಗೂ ಕಷ್ಟವೇ ಆಗಿತ್ತು, ವಾಸ್ಕೋದಲ್ಲಿ ಚಿನ್ನದ ಕೆಲಸ ಮಾಡುವ ಕುಮಟಾ ಕಡೆಯ ಶೇಟ್ರು ಸಿಗುವ ತನಕ.

ನಮ್ಮ ಮನೆಯಲ್ಲಿ ಎರಡಡಿಯ ಟೈಲ್ಸ್ ಹಾಕಿದ್ದಾರೆ. ಹದಿನೈದು ಟೈಲ್ಸ್ ಉದ್ದಕ್ಕೆ ನನ್ನ ಎಂಟನೇ ನಂಬರಿನ ದಾರ ಹಾಸಿ, ಪೆನ್ನಿನಲ್ಲಿ ಗುರುತು ಮಾಡಿಕೊಂಡು ಅವರ ಅಂಗಡಿಗೆ ಹೋದೆ. ಮೂವತ್ತಡಿಯನ್ನು ಸುರುಳಿ ಸುತ್ತಿ ತಕ್ಕಡಿಯ ತಟ್ಟೆಯ ಮೇಲಿಟ್ಟೆವು. ಉಳಿದ ದಾರ ಎಳೆಯಬಾರದಲ್ಲ, ಅದನ್ನು ಗಾಜಿನ ಕೌಂಟರಿನ ಮೇಲೆ ಸಡಿಲ ಬಿಟ್ಟೆ. ನಂಬರ್ ಓಡಾಡಿ ಓಡಾಡಿ 13.8 ಗ್ರಾಮಿಗೆ ನಿಂತಿತು. ಶೇಟ್ರು ಕನ್ನಡಕ ಮೇಲೇರಿಸಿ, “ಒಂದು ತೊಲದ ಮೇಲೆ ಸ್ವಲ್ಪ ಆಯ್ತಲ್ಲ ಮಾರಾಯ, ಈ ಹಸಿರು ಹಗ್ಗಕ್ಕೆ ನನ್ನ ತಕ್ಕಡಿಯೇ ಬೇಕಾಯ್ತಾ?” ಅಂದರು.

ತೊಲ! ಹೊಳೆದದ್ದು ಆಗಲೇ. ಈಗ ಬಜಾರಿನಲ್ಲಿ ತೊಲ ಅಂದರೆ ಸುಮ್ನೆ ಹತ್ತು ಗ್ರಾಂ ಅಂತ ಲೆಕ್ಕ ಹಿಡಿಯುವವರು ಜಾಸ್ತಿ. ಆದರೆ ಬ್ರಿಟಿಷರ ಕಾಲದ ಪಕ್ಕಾ ತೊಲ 180 ಗ್ರೇನ್, ಅಂದರೆ 11.66 ಗ್ರಾಂ. ಆ ಕಾಲದ ಬೆಳ್ಳಿ ರೂಪಾಯಿಯ ತೂಕವೂ ಅದೇ. ಈಗ ನೋಡಿ: ಐದನೇ ನಂಬರ್ ಮುಕ್ಕಾಲು ತೊಲ. ಏಳನೆಯದು ಒಂದು ತೊಲ. ಹತ್ತನೆಯದು ಒಂದೂವರೆ. ಹನ್ನೆರಡು ಎರಡು ತೊಲಕ್ಕೆ ಚೂರು ಜಾಸ್ತಿ. ನಮ್ಮ ಎಂಟು, ಒಂದು ತೊಲದ ಮೇಲೆ ಹದಿನಾರು ಗುಲಗಂಜಿ. ಒಂದು ತೊಲಕ್ಕೆ 96 ಗುಲಗಂಜಿ ಅನ್ನುವುದು ಹಳೇ ಅಕ್ಕಸಾಲಿಗರ ಲೆಕ್ಕ. ಅಮೆರಿಕದವರ ಮೀನಿನ ದಾರ ನಮ್ಮ ಅಜ್ಜಿಯ ಸರದ ಅಳತೆಗೆ ಹೀಗೆ ಕೂರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಎಂಟನೇ ನಂಬರ್ ಸರಿಯಾಗಿ 13.6 ಗ್ರಾಂ ಇರಬೇಕು, ನನ್ನದು ಚೂರು ಹೆಚ್ಚು ತೂಗಿತು. ಅದೇನು ಮೋಸ ಅಲ್ಲ. ಈಗಿನ ಗಡುಸು ಕೋಲುಗಳು ಬೇಗ ಬಾಗಲಿ ಅಂತ ಕಂಪನಿಗಳು ಬೇಕೆಂದೇ ಅರ್ಧ ನಂಬರ್, ಕೆಲವೊಮ್ಮೆ ಒಂದು ನಂಬರ್ ಭಾರ ಮಾಡುವುದುಂಟು. ಆದ್ದರಿಂದ ಡಬ್ಬಿಯ ಮೇಲೆ ದೊಡ್ಡ ಅಕ್ಷರದ ಎಂಟನ್ನು ನೋಡಿ ಬಿಡಬೇಡಿ, ಸಣ್ಣ ಅಕ್ಷರದಲ್ಲಿ ಗ್ರೇನ್ ಎಷ್ಟು ಅಂತ ಬರೆದಿರುತ್ತಾರೆ, ಅದನ್ನು ಓದಿ.

ಈ ನಂಬರ್ ಪದ್ಧತಿ ಮೊದಲಿನಿಂದ ಇದ್ದದ್ದಲ್ಲ. ಹಿಂದೆ ಫ್ಲೈ ಲೈನ್ ರೇಷ್ಮೆಯದು. ಆಗ ದಾರದ ದಪ್ಪಕ್ಕೆ ಇಂಗ್ಲಿಷ್ ಅಕ್ಷರ ಇಟ್ಟಿದ್ದರು. ಎಚ್‌ಡಿಎಚ್ ಅಂದರೆ ಎರಡು ತುದಿ ಸಣ್ಣ, ನಡು ದಪ್ಪ. ರೇಷ್ಮೆ ಒಂದೇ ಇದ್ದಾಗ ದಪ್ಪ ಹೇಳಿದರೆ ತೂಕ ಹೇಳಿದಂತೆಯೇ ಆಗುತ್ತಿತ್ತು. ನೈಲಾನ್, ಪ್ಲಾಸ್ಟಿಕ್ ಬಂದ ಮೇಲೆ ಒಂದೇ ದಪ್ಪದ ಎರಡು ದಾರ ಎರಡು ತೂಕ ತೂಗತೊಡಗಿದವು. 1960ರ ಆಸುಪಾಸಿನಲ್ಲಿ ಅಮೆರಿಕದ ಗಾಳದ ಸಾಮಾನು ತಯಾರಕರ ಸಂಘ ದಪ್ಪದ ಗೊಡವೆ ಬಿಟ್ಟು ತೂಕದ ನಂಬರ್ ತಂತು. ಅದೇ ಇವತ್ತಿಗೂ ನಡೆಯುತ್ತಿದೆ.

ಇನ್ನು ನಮಗೆ ಯಾವ ನಂಬರ್? ಇಂಟರ್‌ನೆಟ್‌ನಲ್ಲಿ ಕೇಳಿದರೆ ಹತ್ತರಲ್ಲಿ ಎಂಟು ಜನ ‘ಹೊಸಬರಿಗೆ ಒಂಬತ್ತಡಿಯ ಐದು ವೇಟ್’ ಅನ್ನುತ್ತಾರೆ. ಅವರು ಹೇಳುವುದು ಟ್ರೌಟ್ ಮೀನಿಗೆ. ಟ್ರೌಟ್ ತಣ್ಣೀರಿನ ಮೀನು. ನಮ್ಮ ದಕ್ಷಿಣದಲ್ಲಿ ನೀಲಗಿರಿಯಲ್ಲೋ ಮುನ್ನಾರಿನಲ್ಲೋ ಬ್ರಿಟಿಷರು ತಂದು ಬಿಟ್ಟದ್ದು ಇದೆ. ಗೋವಾದ ಹೊಳೆಯಲ್ಲಿ ಎಲ್ಲಿಂದ ಬರಬೇಕು? ಇಲ್ಲಿ ನಾವು ಕಾಯುವುದು ಚೊಣಕ್ ಮೀನನ್ನು, ಇಂಗ್ಲಿಷಿನವರ ಬಾರಾಮುಂಡಿ.

ನಾನು ಆ ಸಲಹೆ ನಂಬಿ ಆನ್‌ಲೈನಿನಲ್ಲಿ ಐದು ವೇಟ್‌ನ ಪೂರಾ ಸೆಟ್ ತರಿಸಿದ್ದೆ. ಕುಠ್ಠಾಳಿಯ ಹತ್ತಿರ ಜುವಾರಿ ದಂಡೆಗೆ ಹೋದೆ. ಮಧ್ಯಾಹ್ನ ಮೂರು ಗಂಟೆ, ಸಮುದ್ರದ ಕಡೆಯಿಂದ ಗಾಳಿ. ಗಾಳಕ್ಕೆ ಕ್ಲೌಸರ್ ಮಿನ್ನೋ ಕಟ್ಟಿದ್ದೆ. ಇದು ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ ಎಂಬವರು ರೂಪಿಸಿದ ಫ್ಲೈ: ಜಿಂಕೆ ಬಾಲದ ಕೂದಲು, ಮೇಲೆ ಡಂಬೆಲ್ ಆಕಾರದ ಸೀಸದ ಕಣ್ಣು. ಆ ಕಣ್ಣಿನ ಭಾರಕ್ಕೆ ಗಾಳ ತಿರುಗಿ ಮುಳ್ಳು ಮೇಲೆ ಬರುತ್ತದೆ, ಹಾಗಾಗಿ ತಳದ ಕಸಕ್ಕೆ ಅಷ್ಟಾಗಿ ಸಿಕ್ಕಿಕೊಳ್ಳುವುದಿಲ್ಲ. ಒಳ್ಳೆಯ ಫ್ಲೈ, ಆದರೆ ಮುಕ್ಕಾಲು ತೊಲದ ದಾರ ಹೊರುವ ಹೊರೆ ಅಲ್ಲ. ಹಿಂದಕ್ಕೆ ಬೀಸಿದ ದಾರ ಮುಂದೆ ಬರುವಾಗ ಗಾಳಿಗೆ ಕುಸಿಯಿತು. ಸೀಸದ ಕಣ್ಣು ಬಂದು ಬಲಗಿವಿಗೆ ಬಡಿಯಿತು. ಜೊತೆಗೆ ಗಾಳವೂ. ಕಿವಿಯ ಹಾಲೆಗೆ ಹಸಿರು ಕೂದಲಿನ ಮರಿಮೀನು ನೇತುಹಾಕಿಕೊಂಡು ನಾನು ಬಸ್ಸಿನಲ್ಲಿ ವಾಸ್ಕೋಗೆ ಬಂದೆ. ಪಕ್ಕದಲ್ಲಿ ಕೂತ ಅಜ್ಜಿ ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದರು, ಒಂದು ಮಾತು ಕೇಳಲಿಲ್ಲ. ಆವತ್ತಿನಿಂದ ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡದೆ ನಾನು ಬೀಸುವುದಿಲ್ಲ. ಕನ್ನಡಕ, ಟೋಪಿ ಇಲ್ಲದೆಯೂ ಬೀಸುವುದಿಲ್ಲ.

ಅಂದರೆ ನಂಬರ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಮೀನು ಎಷ್ಟು ದೊಡ್ಡದು’ ಅನ್ನುವುದಲ್ಲ. ಎಷ್ಟು ಭಾರದ ಫ್ಲೈ, ಎಷ್ಟು ಗಾಳಿ ಅನ್ನುವುದು. ಮೀನಿನ ಲೆಕ್ಕ ಆಮೇಲೆ. ಗೋವಾದ ಹೊಳೆ ಬಾಯಿಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿಗೆ ಎಂಟು ಸರಿ. ಗಾಳಿ ಜೋರಿರುವ ಕಡೆ ಒಂಬತ್ತಾದರೂ ನಡೆಯುತ್ತದೆ. ಚೊಣಕ್ ಕಚ್ಚಿದ ಕೂಡಲೇ ಕಾಂಡ್ಲಾ ಬೇರಿನ ಒಳಗೆ ನುಗ್ಗುತ್ತದೆ, ಅದನ್ನು ತಡೆದು ಹೊರಗೆಳೆಯಲು ಕೋಲಿನ ಬುಡದಲ್ಲಿ ಕಸುವು ಬೇಕು. ಆ ಕಸುವು ಐದರಲ್ಲಿ ಇಲ್ಲ. ನಾಲ್ಕು ತುಂಡಿನ ಒಂಬತ್ತಡಿ ಕೋಲು ತಗೊಳ್ಳಿ. ಬಿಚ್ಚಿದರೆ ಒಂದೊಂದು ತುಂಡು ಎರಡು ಕಾಲು ಅಡಿ. ಕಾರವಾರಕ್ಕೆ ರೈಲಿನಲ್ಲಿ ಹೋಗುವಾಗ ಸೀಟಿನ ಕೆಳಗೆ ಹಿಡಿಯುತ್ತದೆ.

ದಾರದ ಡಬ್ಬಿಯ ಮೇಲೆ ನಂಬರಿನ ಜೊತೆ ಅಕ್ಷರಗಳೂ ಇರುತ್ತವೆ. ‘ಡಬ್ಲ್ಯೂಎಫ್-8-ಎಫ್’ ಅಂದರೆ ಭಾರ ಮುಂಭಾಗದಲ್ಲಿ, ಎಂಟನೇ ನಂಬರ್, ತೇಲುವ ದಾರ. ಶುರುವಿಗೆ ಇದೇ ಸಾಕು. ಆದರೆ ಅಕ್ಷರಗಳಲ್ಲಿ ಬಾರದ ಇನ್ನೊಂದು ಮಾತಿದೆ: ‘ಟ್ರಾಪಿಕಲ್’ ಅಂತ ಬರೆದಿದೆಯಾ ನೋಡಿ. ನನ್ನ ಮೊದಲ ದಾರ ತಣ್ಣೀರಿಗೆ ಮಾಡಿದ್ದು. ಏಪ್ರಿಲ್ ಬಿಸಿಲಿಗೆ ಅದು ಕುದಿಸಿದ ಶಾವಿಗೆಯಂತೆ ಮೆತ್ತಗಾಗಿ, ಕೋಲಿನ ಬಳೆಗಳಿಗೆ ಅಂಟಿಕೊಂಡು ಮುಂದೆಯೇ ಹೋಗುತ್ತಿರಲಿಲ್ಲ. ಬಿಸಿ ನೀರಿನ ದಾರಕ್ಕೆ ಗಡುಸು ನೂಲು, ಗಡುಸು ಲೇಪ ಇರುತ್ತದೆ.

ಫ್ಲೈ ಲೈನಿನ ತುದಿಗೆ ನೇರವಾಗಿ ಗಾಳ ಕಟ್ಟುವುದಿಲ್ಲ. ನಡುವೆ ಒಂಬತ್ತಡಿಯಷ್ಟು ಪಾರದರ್ಶಕ ನೈಲಾನ್ ಬರುತ್ತದೆ, ಬುಡದಲ್ಲಿ ದಪ್ಪ, ತುದಿಗೆ ಸಣ್ಣ. ಅದು ಲೀಡರ್. ಅದರ ಕೊನೆಯ ಸಣ್ಣ ಎಳೆ ಟಿಪ್ಪೆಟ್. ಇಲ್ಲಿ ನಂಬರ್ ಉಲ್ಟಾ ಓಡುತ್ತದೆ, ಅದಕ್ಕೇ ಹೊಸಬರು ಎಡವುತ್ತಾರೆ. ದಾರದಲ್ಲಿ ನಂಬರ್ ಏರಿದಂತೆ ಭಾರ. ಟಿಪ್ಪೆಟ್ಟಿನಲ್ಲಿ ನಂಬರ್ ಏರಿದಂತೆ ಸಣ್ಣ. 5ಎಕ್ಸ್ ಅಂದರೆ 0ಎಕ್ಸ್‌ಗಿಂತ ತೆಳ್ಳಗೆ. ಗದಗಿನ ಹುಡುಗನಿಗೆ ಇದನ್ನು ಬಿಡಿಸಿ ಹೇಳುವ ಕೆಲಸವೇ ಬೀಳಲಿಲ್ಲ. ಅವನ ಮಾವನ ಮನೆಯಲ್ಲಿ ಮಗ್ಗ ಇತ್ತಂತೆ. “ನೂಲಿನ ಕೌಂಟ್ ಇದ್ದಂಗ ಬಿಡ್ರಿ, ನಲವತ್ತಕ್ಕಿಂತ ಅರವತ್ತು ಸಣ್ಣ” ಅಂದ. ಇಷ್ಟು ಚೆನ್ನಾಗಿ ನಾನು ಹೇಳುತ್ತಿರಲಿಲ್ಲ. ಹನ್ನೊಂದರಿಂದ ಎಕ್ಸ್ ನಂಬರನ್ನು ಕಳೆದರೆ ಎಳೆಯ ದಪ್ಪ ಇಂಚಿನ ಸಾವಿರದಲ್ಲಿ ಸಿಗುತ್ತದೆ. 5ಎಕ್ಸ್ ಆದರೆ ಇಂಚಿನ ಸಾವಿರ ಭಾಗದಲ್ಲಿ ಆರು ಭಾಗ.

ಚೊಣಕ್‌ಗೆ ಈ ಎಕ್ಸ್ ಲೆಕ್ಕ ಬೇಕಾಗಿಲ್ಲ. ಇಪ್ಪತ್ತು ಪೌಂಡ್ ಎಳೆತ ತಡೆಯುವ ಎಳೆ, ಅದರ ತುದಿಗೆ ಗೇಣುದ್ದ ನಲವತ್ತು ಪೌಂಡಿನ ದಪ್ಪ ತುಂಡು. ಚೊಣಕ್‌ನ ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತ, ಸಣ್ಣ ಎಳೆ ತಾಗಿದರೆ ಕಡಿದುಹೋಗುತ್ತದೆ. ಕೈಗೂ ಹುಷಾರು. ಇನ್ನೊಂದು ವಿಷಯ, ಚೊಣಕ್ ಮೊದಲು ಗಂಡಾಗಿದ್ದು ಬೆಳೆದ ಮೇಲೆ ಹೆಣ್ಣಾಗುವ ಮೀನು. ಹಾಗಾಗಿ ತುಂಬಾ ದೊಡ್ಡದು ಸಿಕ್ಕರೆ ಅದು ಮೊಟ್ಟೆ ಇಡುವ ತಾಯಿ ಅಂತಲೇ ಲೆಕ್ಕ. ನಾನು ಬಿಟ್ಟುಬಿಡುತ್ತೇನೆ. ಮನೆಯಲ್ಲಿ ಬೈಗುಳ ತಪ್ಪಿದ್ದಲ್ಲ.

ರೀಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ಲೈ ಫಿಶಿಂಗ್‌ನಲ್ಲಿ ಬೀಸುವ ಕೆಲಸಕ್ಕೆ ರೀಲ್ ಸೇರುವುದೇ ಇಲ್ಲ, ದಾರ ಸುತ್ತಿಡುವ ಉಂಡೆ ಅದು. ದೊಡ್ಡ ಮೀನು ಓಡಿದಾಗ ಮಾತ್ರ ಅದರ ಬ್ರೇಕ್ ಬೇಕು. ಉಪ್ಪು ನೀರಿಗೆ ತುಕ್ಕು ಹಿಡಿಯದಂಥದ್ದು ತಗೊಂಡು, ಮನೆಗೆ ಬಂದ ಕೂಡಲೇ ಸಿಹಿ ನೀರಿನಲ್ಲಿ ತೊಳೆದರೆ ಆಯಿತು. ದಾರದ ಹಿಂದೆ ನೂರು ಗಜವಾದರೂ ಡೇಕ್ರಾನ್ ನೂಲು ಸುತ್ತಿರಬೇಕು, ಅದು ಬ್ಯಾಕಿಂಗ್. ಆದರೂ ಹೊಸಬರು ಅಂಗಡಿಗೆ ಹೋದರೆ ಮೊದಲು ಕೈ ಹಾಕುವುದು ರೀಲಿಗೇ. ಹೊಳೆಯುತ್ತದೆ, ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ, ಅದಕ್ಕೆ.

ಸೊಂಟದ ತನಕ ಬರುವ ರಬ್ಬರ್ ಪ್ಯಾಂಟು, ಅಂದರೆ ವೇಡರ್, ನಮ್ಮ ಸೆಕೆಗೆ ಬೇಡವೇ ಬೇಡ. ಮಾಂಡವಿ ಜುವಾರಿಗಳನ್ನು ಜೋಡಿಸುವ ಕುಂಭಾರಜುವೆ ಕಾಲುವೆಯ ಕಡೆ ಹೋದರಂತೂ ನೀರಿಗಿಳಿಯುವ ಮಾತೇ ಇಲ್ಲ, ಅಲ್ಲಿ ಮೊಸಳೆಗಳಿವೆ. ಬೇಕಾದದ್ದು ಒಂದು ಪ್ಲಾಸ್ಟಿಕ್ ಬಟ್ಟೆ ಬುಟ್ಟಿ. ಸೊಂಟಕ್ಕೆ ಕಟ್ಟಿಕೊಂಡರೆ ಎಳೆದ ದಾರ ಅದರೊಳಗೆ ಬೀಳುತ್ತದೆ, ಕಾಲಡಿಯ ಚಿಪ್ಪಿಗೆ ಸಿಕ್ಕಿ ಹರಿಯುವುದಿಲ್ಲ. ಮನೆಯ ಬುಟ್ಟಿ ಒಯ್ದರೆ ಹೇಳಿ ಒಯ್ಯಿರಿ.

ಇಷ್ಟನ್ನೂ ಹುಡುಗನಿಗೆ ದಂಡೆಯ ಮೇಲೆ ಕೂತು ಹೇಳಿದೆ. ಮೊದಲು ದಾರ, ದಾರಕ್ಕೆ ತಕ್ಕ ಕೋಲು, ಕೊನೆಗೆ ಅದೇ ನಂಬರಿನ ದಾರಕ್ಕೆ ತಕ್ಕ ರೀಲ್. ತಲೆ ಆಡಿಸಿದ. ಮುಂದಿನ ಭಾನುವಾರ ಬಾಗಿಲು ಬಡಿದು ಒಂದು ಡಬ್ಬಿ ಮುಂದೆ ಹಿಡಿದ.

“ಅಣ್ಣಾ, ರೀಲ್ ತೊಗೊಂಡೇನ್ರಿ. ಭಾಳ ಚಂದ ಐತಿ.”

“ಯಾವ ನಂಬರಿಂದೋ?”

ತಿರುಗಿಸಿ ನೋಡಿದ. “ಮೂರು-ನಾಕು ಅಂತ ಬರದೈತ್ರಿ.”