ಪದ ಪರಿಚಯ: ಭಾಗಶಃ ಅಪ್‌ಡೇಟ್

ಬಳಕೆದಾರರ ಹಣಕಾಸು ಪ್ರೊಫೈಲ್ ತಿದ್ದುವ ಟೂಲ್ ಒಂದಕ್ಕೆ ಡಾಕ್ಯುಮೆಂಟೇಶನ್ ಬರೆಯಲು ಕೂತವರು ಸಾಮಾನ್ಯವಾಗಿ ‘ಇದು ಪ್ರೊಫೈಲನ್ನು ಅಪ್‌ಡೇಟ್ ಮಾಡುತ್ತದೆ’ ಎಂದು ಒಂದು ಸಾಲು ಬರೆದು, ಕೆಳಗೆ ಆದಾಯ, ಖರ್ಚು, ಉಳಿತಾಯ, ಸಾಲ ಎಂದು ಫೀಲ್ಡ್‌ಗಳ ಪಟ್ಟಿ ಕೊಟ್ಟು ಮುಗಿಸುತ್ತಾರೆ. ಟೂಲನ್ನು ಬಳಸುವವರಿಗೆ ಮೊದಲು ಬೇಕಾದ ಉತ್ತರ ಮಾತ್ರ ಅಲ್ಲಿ ಸಿಗುವುದಿಲ್ಲ: ನಾನು ಕಳಿಸದ ಫೀಲ್ಡ್‌ಗಳ ಗತಿ ಏನು?

ಬದಲಾದದ್ದನ್ನಷ್ಟೇ ಕಳಿಸಿ, ಉಳಿದದ್ದು ಇದ್ದ ಹಾಗೇ ಉಳಿಯುವ ರೀತಿಗೆ ಭಾಗಶಃ ಅಪ್‌ಡೇಟ್ ಎನ್ನುತ್ತಾರೆ. ಹಳೆಯ ಪ್ರೊಫೈಲ್ ತೆಗೆದು, ಕಳಿಸಿದ್ದನ್ನೇ ಪೂರ್ತಿಯಾಗಿ ಕೂರಿಸಿದರೆ ಅದು ಪೂರ್ಣ ಬದಲಿ. ವೆಬ್‌ನಲ್ಲಿ ಮಾಹಿತಿ ಕಳಿಸುವ ನಿಯಮಾವಳಿಯಾದ ಎಚ್‌ಟಿಟಿಪಿಯಲ್ಲಿ ಪೂರ್ಣ ಬದಲಿಗೆ ‘ಪುಟ್’ ಎಂಬ ರಿಕ್ವೆಸ್ಟ್ ಇದೆ. ಭಾಗಶಃ ಅಪ್‌ಡೇಟ್‌ಗೆಂದು ‘ಪ್ಯಾಚ್’ ಬಂದದ್ದು 2010ರ ಆರ್‌ಎಫ್‌ಸಿ 5789 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿ. ಆದರೆ ಪ್ಯಾಚ್ ಎಂದಷ್ಟೇ ಬರೆದರೆ ಸಾಲದು, ಏಕೆಂದರೆ ಕಳಿಸುವ ಮಾಹಿತಿಯನ್ನು ಹೇಗೆ ಓದಬೇಕೆಂದು ಆ ದಾಖಲೆ ಹೇಳುವುದಿಲ್ಲ. ಫೀಲ್ಡಿನ ಹೆಸರು, ಮೌಲ್ಯಗಳನ್ನು ಪಠ್ಯವಾಗಿ ಬರೆಯುವ ‘ಜೇಸನ್’ ಎಂಬ ರೂಪಕ್ಕೆ ಆ ನಿಯಮ ಕೊಟ್ಟವುಗಳಲ್ಲಿ ಒಂದು 2014ರ ಆರ್‌ಎಫ್‌ಸಿ 7396, ಅಂದರೆ ‘ಜೇಸನ್ ಮರ್ಜ್ ಪ್ಯಾಚ್’. ಅದರ ಪ್ರಕಾರ ರಿಕ್ವೆಸ್ಟ್‌ನಲ್ಲಿ ಇಲ್ಲದ ಫೀಲ್ಡನ್ನು ಮುಟ್ಟುವುದಿಲ್ಲ, ‘ನಲ್’ (ಮೌಲ್ಯವಿಲ್ಲ ಎಂಬ ಗುರುತು) ಎಂದು ಬಂದ ಫೀಲ್ಡನ್ನು ಅಳಿಸಲಾಗುತ್ತದೆ, ಬೇರೆ ಮೌಲ್ಯ ಬಂದರೆ ಅದು ಹಳೆಯದರ ಜಾಗಕ್ಕೆ ಬರುತ್ತದೆ, ಫೀಲ್ಡಿನೊಳಗೆ ಮತ್ತೆ ಹೆಸರುಳ್ಳ ಫೀಲ್ಡ್‌ಗಳಿದ್ದರೆ ಅವಕ್ಕೂ ಇದೇ ನಿಯಮ.

ಹಣದ ವಿಷಯದಲ್ಲಿ ಈ ವ್ಯತ್ಯಾಸ ತುಂಬ ದೊಡ್ಡದು. ‘ತಿಂಗಳ ಸಾಲದ ಕಂತು’ ಎಂಬ ಫೀಲ್ಡನ್ನೇ ನೋಡಿ. 0 ಎಂದರೆ ಈ ವ್ಯಕ್ತಿಗೆ ಕಂತು ಇಲ್ಲ. ನಲ್ ಎಂದರೆ ಕಂತು ಎಷ್ಟೆಂಬ ಮಾಹಿತಿಯೇ ನಮ್ಮಲ್ಲಿಲ್ಲ. ಫೀಲ್ಡೇ ಬರದಿದ್ದರೆ ಹಿಂದಿನ ಮೊತ್ತ ಇರಲಿ ಎಂದರ್ಥ. ಮೂರನ್ನೂ ‘ಖಾಲಿ’ ಎಂದು ಒಂದೇ ಬುಟ್ಟಿಗೆ ಹಾಕಿದರೆ, ಸಾಲ ಹೊತ್ತವರು ಸಾಲವಿಲ್ಲದವರಂತೆ ಕಾಣುತ್ತಾರೆ, ಅವರಿಗೆ ಸಿಗುವ ಸಲಹೆಯೂ ತಪ್ಪಾಗುತ್ತದೆ. ಆದ್ದರಿಂದ ಪ್ರತಿ ಫೀಲ್ಡಿನ ಮುಂದೆ ಈ ಮೂರೂ ಸ್ಥಿತಿಗಳ ಅರ್ಥವನ್ನು ಬರೆಯಲೇಬೇಕು.

ತಪ್ಪು ನುಸುಳುವುದು ಹೆಚ್ಚಾಗಿ ಕಳಿಸುವ ಕಡೆಯಿಂದ. ಫಾರ್ಮ್‌ನಲ್ಲಿ ಬಳಕೆದಾರರು ಆದಾಯವನ್ನಷ್ಟೇ ತಿದ್ದಿರುತ್ತಾರೆ, ಆ್ಯಪ್ ಮಾತ್ರ ತುಂಬದ ಫೀಲ್ಡ್‌ಗಳನ್ನೂ ನಲ್ ಎಂದು ಸೇರಿಸಿ ಕಳಿಸುತ್ತದೆ, ಉಳಿತಾಯ, ಸಾಲ ಎಲ್ಲವೂ ಒಂದೇ ಏಟಿಗೆ ಅಳಿಸಿಹೋಗುತ್ತವೆ. ಇದರ ಉಲ್ಟಾ ಕೂಡ ಆಗುತ್ತದೆ. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಂಖ್ಯೆಯ ಫೀಲ್ಡಿಗೆ ‘ಒಮಿಟ್‌ಎಂಪ್ಟಿ’ (ಖಾಲಿಯಿದ್ದರೆ ಬಿಡು) ಎಂಬ ಸೂಚನೆ ಹಾಕಿದ್ದರೆ 0 ಇರುವ ಫೀಲ್ಡ್ ರಿಕ್ವೆಸ್ಟ್‌ನಿಂದಲೇ ಬಿಟ್ಟುಹೋಗುತ್ತದೆ. ಸಾಲ ತೀರಿಸಿ ಕಂತನ್ನು 0 ಮಾಡಿದವರ ಪ್ರೊಫೈಲ್‌ನಲ್ಲಿ ಹಳೆಯ ಕಂತೇ ಕೂತಿರುತ್ತದೆ, ಎರರ್ ಕೂಡ ಬರುವುದಿಲ್ಲ. ಅಂಥ ಫೀಲ್ಡಿಗೆ ಪಾಯಿಂಟರ್ (ಸಂಖ್ಯೆಯ ಬದಲು ಅದು ಇರುವ ಜಾಗದ ವಿಳಾಸ) ಬಳಸಿದರೆ 0 ಯಾವುದು, ಕೊಡದೇ ಇದ್ದದ್ದು ಯಾವುದು ಎಂದು ಬೇರೆಬೇರೆಯಾಗಿ ತಿಳಿಯುತ್ತದೆ.

ಪಟ್ಟಿಗಳ ವಿಷಯಕ್ಕೆ ಇನ್ನೂ ಹೆಚ್ಚು ಎಚ್ಚರ ಬೇಕು. ಪ್ರೊಫೈಲ್‌ನಲ್ಲಿ ಮನೆ ಸಾಲ, ಕಾರಿನ ಸಾಲ, ಶಿಕ್ಷಣ ಸಾಲ ಎಂದು ಮೂರು ನಮೂದುಗಳ ಪಟ್ಟಿ ಇದೆ ಎನ್ನಿ. ಕಾರಿನ ಸಾಲದ ಬಾಕಿ ಬದಲಾಯಿತೆಂದು ಅದೊಂದನ್ನೇ ಪಟ್ಟಿಯಲ್ಲಿಟ್ಟು ಕಳಿಸಿದರೆ, ಮರ್ಜ್ ಪ್ಯಾಚ್ ಪ್ರಕಾರ ಇಡೀ ಪಟ್ಟಿಯೇ ಬದಲಾಗುತ್ತದೆ. ಉಳಿದೆರಡು ಸಾಲಗಳು ಮಾಯ. ಪಟ್ಟಿಯ ಒಳಗಿನ ಒಂದು ನಮೂದನ್ನು ಮಾತ್ರ ತಿದ್ದುವ ದಾರಿ ಅದರಲ್ಲಿಲ್ಲ. ಹೀಗಾಗಿ ಸಾಲಗಳನ್ನು ಪಟ್ಟಿಯಾಗಿಡದೆ, ಪ್ರತಿಯೊಂದಕ್ಕೂ ಐಡಿ ಕೊಟ್ಟು ಆ ಐಡಿಯೇ ಕೀ (ನಮೂದಿನ ಹೆಸರು) ಆಗುವಂತೆ ಇಡುವುದು ಒಳ್ಳೆಯದು. ಆಗ ಒಂದನ್ನೇ ತಿದ್ದಬಹುದು, ತೀರಿದ ಸಾಲದ ಐಡಿಗೆ ನಲ್ ಕಳಿಸಿ ಅದೊಂದನ್ನೇ ತೆಗೆಯಲೂಬಹುದು.

ಮೊತ್ತದ ಫೀಲ್ಡಿಗೆ ‘ಸಂಖ್ಯೆ’ ಎಂದಷ್ಟೇ ಬರೆಯುವುದು ಏನನ್ನೂ ಬರೆಯದಿರುವುದಕ್ಕೆ ಸಮ. ತಿಂಗಳಿನದೋ ವರ್ಷದ್ದೋ, ತೆರಿಗೆಗೆ ಮುಂಚಿನದೋ ಕೈಗೆ ಬರುವುದೋ, ಯಾವ ಕರೆನ್ಸಿ ಎಂಬುದೆಲ್ಲ ಇರಬೇಕು. 0.1ಕ್ಕೆ 0.2 ಕೂಡಿದರೆ ಫ್ಲೋಟ್‌ನಲ್ಲಿ (ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಅಂದಾಜಾಗಿ ಇಡುವ ರೀತಿ) 0.30000000000000004 ಬರುವುದರಿಂದ ಹಣವನ್ನು ಕರೆನ್ಸಿಯ ಅತಿ ಚಿಕ್ಕ ಘಟಕದಲ್ಲಿ, ಪೂರ್ಣಾಂಕವಾಗಿ ಇಡುವ ರೂಢಿ ಇದೆ. ಹಾಗೆ ಇಟ್ಟಿದ್ದರೆ ಅದನ್ನು ಉದಾಹರಣೆ ಸಮೇತ ಹೇಳಿ: 150000 ಎಂದರೆ ಡಾಲರ್‌ನಲ್ಲಿ 1500.00. ಕರೆನ್ಸಿಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 4217ರ ಪ್ರಕಾರ ಯೆನ್‌ಗೆ ದಶಮಾಂಶವೇ ಇಲ್ಲ, ಕುವೈತ್ ದಿನಾರ್‌ಗೆ ಮೂರು ಸ್ಥಾನ ಇವೆ. ಎಲ್ಲಕ್ಕೂ 100ರಿಂದ ಭಾಗಿಸುವ ಕೋಡ್ ಅಲ್ಲಿ ಎಡವುತ್ತದೆ.

ಒಂದೇ ಪ್ರೊಫೈಲನ್ನು ಫೋನ್‌ನಿಂದಲೂ ಲ್ಯಾಪ್‌ಟಾಪ್‌ನಿಂದಲೂ ಏಕಕಾಲಕ್ಕೆ ತಿದ್ದಿದರೆ ಕೊನೆಯದು ಗೆಲ್ಲುತ್ತದೆ, ಮೊದಲಿನದು ಸದ್ದಿಲ್ಲದೆ ಹೋಗುತ್ತದೆ. ಓದುವಾಗ ಬಂದ ಈಟ್ಯಾಗನ್ನು (ಪ್ರೊಫೈಲ್‌ನ ಆ ಆವೃತ್ತಿಯ ಗುರುತು) ರಿಕ್ವೆಸ್ಟ್‌ನ ‘ಇಫ್ ಮ್ಯಾಚ್’ ಹೆಡರ್‌ನಲ್ಲಿ ಹಿಂದಿರುಗಿಸಿದರೆ, ನಡುವೆ ಪ್ರೊಫೈಲ್ ಬದಲಾಗಿದ್ದಾಗ ಸರ್ವರ್ 412 ಎಂಬ ಎರರ್ ಕೋಡ್ ಕೊಟ್ಟು ತಡೆಯುತ್ತದೆ. 412 ಬಂದಾಗ ಅದೇ ರಿಕ್ವೆಸ್ಟನ್ನು ಮತ್ತೆ ಒತ್ತದೆ, ಪ್ರೊಫೈಲನ್ನು ಹೊಸದಾಗಿ ಓದಿಕೊಂಡು ತಿದ್ದಬೇಕೆಂಬುದನ್ನೂ ಬರೆಯಿರಿ.

ಈಗ ಇಂಥ ಟೂಲ್‌ಗಳನ್ನು ಎಐ ಸಹಾಯಕಗಳೂ ಕರೆಯುತ್ತವೆ, ಅವು ನಂಬುವುದು ಟೂಲ್‌ನ ವಿವರಣೆಯನ್ನೇ. ಬಳಕೆದಾರರು ‘ಸಂಬಳ ಸ್ವಲ್ಪ ಜಾಸ್ತಿಯಾಗಿದೆ’ ಎಂದಷ್ಟೇ ಹೇಳಿದಾಗ ಮಾಡೆಲ್ ಒಂದು ಮೊತ್ತ ಊಹಿಸಿ ಬರೆದುಬಿಡಬಹುದು. ಹಾಗಾಗಿ ವಿವರಣೆಯಲ್ಲೇ ನೇರವಾಗಿ ಹೇಳಬೇಕು: ‘ಬಳಕೆದಾರರು ಸ್ವತಃ ಹೇಳಿದ ಮೊತ್ತವನ್ನು ಮಾತ್ರ ಕಳಿಸಿ. ಮೊತ್ತ ಹೇಳದಿದ್ದರೆ ಟೂಲ್ ಕರೆಯುವ ಮೊದಲು ಕೇಳಿ. ಹೇಳದ ಫೀಲ್ಡ್‌ಗಳನ್ನು ಸೇರಿಸಬೇಡಿ, ನಲ್ ಎಂದೂ ಕಳಿಸಬೇಡಿ.’ ಉತ್ತರದಲ್ಲಿ ‘ಯಶಸ್ವಿ’ ಎಂಬ ಒಂದು ಪದದ ಬದಲು ಯಾವ ಫೀಲ್ಡ್, ಹಳೆಯ ಮೌಲ್ಯ, ಹೊಸ ಮೌಲ್ಯ ಮೂರನ್ನೂ ಕೊಟ್ಟರೆ, 80000 ಇದ್ದದ್ದು 8000 ಆಗಿರುವುದು ಬಳಕೆದಾರರ ಕಣ್ಣಿಗೆ ಅಲ್ಲೇ ಬೀಳುತ್ತದೆ.